ತಲೆಗಿಷ್ಟು ಎಂದು ಮಾರುವ ಸಲಹೆ

ಹತ್ತನೆಯ ಇಯತ್ತೆಯ ಫಲಿತಾಂಶ ಹೊರಬೀಳುವ ಹೊತ್ತಿಗೆ ಪುಣೆಯ ರಸ್ತೆಗಳಲ್ಲಿ ಮಳೆಗಿಂತ ಮೊದಲೇ ಒಂದು ಬೆಳೆ ತಲೆಯೆತ್ತುತ್ತದೆ. ಫರ್ಗ್ಯುಸನ್ ರಸ್ತೆ, ಡೆಕ್ಕನ್ ಜಿಮಖಾನಾ, ಕರ್ವೆ ರಸ್ತೆ, ಅತ್ತ ಪಿಂಪ್ರಿ-ಚಿಂಚವಡ, ಎಲ್ಲಿ ನೋಡಿದರೂ ಫಲಕಗಳು: "ಕಾಲೇಜ ಪ್ರವೇಶಕ್ಕೆ ಮಾರ್ಗದರ್ಶನ, ಸಂಪೂರ್ಣ ಉಚಿತ." ಹನ್ನೆರಡನೆಯ ಇಯತ್ತೆ ಮುಗಿಸಿದವರಿಗೆ ಬೇರೆ ಫಲಕ, ಪರದೇಶಕ್ಕೆ ಹೊರಟವರಿಗೆ ಬೇರೆ ಫಲಕ. ಒಳಗೆ ಹೋದರೆ ತಂಪು ಗಾಳಿಯ ಯಂತ್ರ, ಮೆತ್ತನೆಯ ಕುರ್ಚಿ, ಕಾಗದದ ಬಟ್ಟಲಲ್ಲಿ ಚಹ, ಎದುರಿಗೆ ನಗುಮೊಗದ ಒಬ್ಬ ಹುಡುಗಿ ಇಲ್ಲವೆ ಹುಡುಗ. ಹಡಪಸರದಿಂದಲೋ ಯೆರವಡೆಯಿಂದಲೋ ಒಂದು ದಿನದ ಕೂಲಿ ಬಿಟ್ಟು, ಮಗನ ಅಂಕಪಟ್ಟಿ ಹಿಡಿದುಕೊಂಡು ಬಂದ ನಮ್ಮ ಬಂಧು ಈ ಆದರವನ್ನು ಕಂಡು ಕರಗಿಹೋಗುತ್ತಾನೆ. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಪೋಲೀಸ ಠಾಣೆಯಲ್ಲಿ ಅವನಿಗೆ ಕುರ್ಚಿ ಕೊಟ್ಟವರಾರು?

ದುಡಿದು ತಿನ್ನುವ ನಮಗೆ 'ಪುಕ್ಕಟೆ' ಎಂಬ ಶಬ್ದ ಕಿವಿಗೆ ಬಿದ್ದೊಡನೆ ಒಂದು ಪ್ರಶ್ನೆ ಏಳಬೇಕು. ಈ ಅಂಗಡಿಯ ಬಾಡಿಗೆಯನ್ನು ಯಾರು ಕೊಡುತ್ತಾರೆ? ಈ ಹುಡುಗಿಯ ಪಗಾರವನ್ನು ಯಾರು ಕೊಡುತ್ತಾರೆ? ನೀವಂತೂ ಕೊಡುತ್ತಿಲ್ಲ. ಸರಕಾರ ಕೊಡುತ್ತಿಲ್ಲ. ಉಳಿದ ಉತ್ತರ ಒಂದೇ: ನಿಮ್ಮ ಮಗ ಯಾವ ಕಾಲೇಜಿಗೆ ಹೋಗಿ ಸೇರುವನೋ ಆ ಕಾಲೇಜು ಕೊಡುತ್ತದೆ, ಮತ್ತು ಅವನು ಸೇರಿದ ಮೇಲೆಯೇ ಕೊಡುತ್ತದೆ. ಆ ಹಣ ಆಕಾಶದಿಂದ ಬೀಳುವದಿಲ್ಲ, ನೀವು ಸಾಲ ಮಾಡಿ ಕಟ್ಟಿದ ಫೀಯೊಳಗಿಂದಲೇ ಹೊರಡುತ್ತದೆ.

ಎಲ್ಲ ಅಂಗಡಿಗಳೂ ಹೀಗೆ ಎಂದು ನಾನು ಹೇಳುವದಿಲ್ಲ. ಪಾಲಕನಿಂದ ನೇರವಾಗಿ ಶುಲ್ಕ ಪಡೆದು, ಹುಡುಗನ ಒಲವು ಬುದ್ಧಿಗಳನ್ನು ಪರೀಕ್ಷಿಸಿ, ಉಳಿದದ್ದನ್ನು ಅವನಿಗೇ ಬಿಡುವ ಪ್ರಾಮಾಣಿಕರೂ ಈ ಊರಲ್ಲಿದ್ದಾರೆ. ಸದಾಶಿವ ಪೇಟೆಯ ಜ್ಞಾನಪ್ರಬೋಧಿನಿಯನ್ನು 1962ರಲ್ಲಿ ಕಟ್ಟಿದ ಅಪ್ಪಾ ಪೆಂಡಸೆಯವರು ಮನಃಶಾಸ್ತ್ರಜ್ಞರು. ಬುದ್ಧಿಪರೀಕ್ಷೆ, ಒಲವಿನ ಪರೀಕ್ಷೆಗಳ ಕೆಲಸ ಅಲ್ಲಿ ಅಂದಿನಿಂದ ನಡೆದುಬಂದಿದೆ. ನನ್ನ ಜಗಳ ಅಂಥವರೊಡನೆ ಅಲ್ಲ. 'ಪುಕ್ಕಟೆ' ಎಂಬ ಫಲಕದೊಡನೆ, ಆ ಫಲಕದ ಹಿಂದಿನ ಲೆಕ್ಕದ ಪುಸ್ತಕದೊಡನೆ.

ಆ ಪುಸ್ತಕವನ್ನು ಒಳಗಿನಿಂದ ಕಂಡವಳೊಬ್ಬಳ ಕಥೆಯನ್ನು ಹೇಳಬೇಕಾಗಿದೆ. ನಮ್ಮ ಸಂಘದ ಹಳೆಯ ಸದಸ್ಯರೊಬ್ಬರ ಮಗಳು. ತಂದೆ ವಿಜಾಪುರ ಜಿಲ್ಲೆಯಿಂದ ಬಂದು ಪಿಂಪ್ರಿಯ ಕಾರಖಾನೆಯೊಂದರಲ್ಲಿ ಮೂವತ್ತು ವರ್ಷ ಲೇಥಿನ ಮುಂದೆ ನಿಂತವರು. ಮಗಳು ಮನಃಶಾಸ್ತ್ರದಲ್ಲಿ ಎಂ.ಎ. ಮಾಡಿದಳು; ಮಕ್ಕಳಿಗೆ ದಾರಿ ತೋರಿಸುವ ಕೆಲಸ ಮಾಡಬೇಕೆಂಬುದು ಅವಳ ಆಸೆ. ನಗರದ ಒಂದು ಖಾಸಗಿ ಸಂಸ್ಥೆಯಲ್ಲಿ 'ಕೌನ್ಸೆಲರ್' ಎಂಬ ಹುದ್ದೆಗೆ ಆರಿಸಿಕೊಂಡರು. ಮನೆಯಲ್ಲಿ ಸಕ್ಕರೆ ಹಂಚಿದರು, ನಾನೂ ತಿಂದೆ.

ಮೊದಲ ದಿನವೇ ಅವಳ ಕಿವಿಗೆ ಒಂದು ಯಂತ್ರ ಸಿಕ್ಕಿಸಿ, ಕೈಗೆ ಹೆಸರು ಮತ್ತು ಫೋನ ನಂಬರುಗಳ ಯಾದಿ ಕೊಟ್ಟರು. ಪರೀಕ್ಷೆ ಬರೆದ ಸಾವಿರಾರು ಮಕ್ಕಳ ಹೆಸರು. ಅದು ಎಲ್ಲಿಂದ ಬಂತೆಂದು ಕೇಳುವಂತಿಲ್ಲ. ಏನು ಮಾತಾಡಬೇಕೆಂಬುದನ್ನೂ ಬರೆದು ಕೊಟ್ಟಿದ್ದರು: ಸೀಟುಗಳು ಮುಗಿಯುತ್ತ ಬಂದಿವೆ, ಇಂದೇ ಹಣ ಕಟ್ಟಿದರೆ ರಿಯಾಯಿತಿ, ನಾಳೆ ಇಲ್ಲ. ತಿಂಗಳಿಗೆ ಇಂತಿಷ್ಟು ಪ್ರವೇಶ ತರಬೇಕೆಂದು ಗುರಿ. ಮೂಲ ಪಗಾರ ಒಬ್ಬಳು ಪೇಯಿಂಗ್ ಗೆಸ್ಟಾಗಿ ಇದ್ದು ಬಸ್ಸಿನ ಪಾಸು ತೆಗೆಯುವಷ್ಟು. ಉಳಿದುದೆಲ್ಲ ತಲೆಗಿಷ್ಟು ಎಂಬ ಇನಾಮು. ಗುರಿ ಮುಟ್ಟದ ತಿಂಗಳು ಇನಾಮಿಲ್ಲ, ಎರಡು ತಿಂಗಳು ಮುಟ್ಟದಿದ್ದರೆ ಅವಳೇ ಇಲ್ಲ. ಜೂನದಿಂದ ಅಗಸ್ಟದ ವರೆಗೆ ವಾರದ ರಜೆ ಎಂಬುದಿಲ್ಲ. ಮನೆಯವರು ಊಟಕ್ಕೆ ಕರೆದಾಗ "ಈಗ ಸುಗ್ಗಿ, ಬರಲಾರೆ" ಎನ್ನುತ್ತಿದ್ದಳು. ಒಕ್ಕಲುತನ ಬಿಟ್ಟು ಮೂವತ್ತು ವರ್ಷವಾದ ಮನೆಗೆ ಸುಗ್ಗಿಯ ಮಾತು ಹೀಗೆ ತಿರುಗಿ ಬಂತು.

ಜುಲೈ ತಿಂಗಳಲ್ಲಿ ಒಂದು ದಿನ ಫೋನಿನ ಆಚೆ ಕನ್ನಡ ಮಾತಾಡುವ ತಂದೆ ಸಿಕ್ಕ. ಜತ್ತ ತಾಲೂಕಿನವ, ಇಲ್ಲಿ ಕಟ್ಟಡದ ಕೆಲಸ ಮಾಡುವವ. ಮಗಳು ಊರಲ್ಲೇ ಕನ್ನಡ ಶಾಲೆಯಲ್ಲಿ ಕಲಿತು, ಮುಂದೆ ವಿಜ್ಞಾನ ತೆಗೆದುಕೊಂಡು ಹನ್ನೆರಡನೆಯ ಇಯತ್ತೆ ಪಾಸಾಗಿದ್ದಳು. ಇಂಜಿನಿಯರಿಂಗ್ ಓದಬೇಕೆಂದು ಹಟ. ಕಾಗದದಲ್ಲಿ ಬರೆದ ಪ್ರಕಾರ ಅವನಿಗೆ ಒಂದು ಖಾಸಗಿ ಕಾಲೇಜಿನ ಮ್ಯಾನೇಜಮೆಂಟ ಸೀಟನ್ನು ಮಾರಬೇಕಾಗಿತ್ತು. ನಮ್ಮ ಹುಡುಗಿ ಮಾರಲಿಲ್ಲ. ಎರಡು ಸಂಗತಿ ಹೇಳಿದಳು.

ಮೊದಲನೆಯದು: ಮಹಾರಾಷ್ಟ್ರ ಸರಕಾರ 2024ರ ಜುಲೈ 8ರಂದು ಹೊರಡಿಸಿದ ನಿರ್ಣಯದಂತೆ, ವರ್ಷಕ್ಕೆ 8 ಲಕ್ಷ ರೂಪಾಯಿಯೊಳಗಿನ ಆದಾಯವುಳ್ಳ, ರಾಜ್ಯದ ನಿವಾಸಿಗಳಾದ ಇತರ ಹಿಂದುಳಿದ ವರ್ಗ, ಸಾಮಾಜಿಕ-ಶೈಕ್ಷಣಿಕ ಹಿಂದುಳಿದ ವರ್ಗ ಮತ್ತು ಆರ್ಥಿಕವಾಗಿ ದುರ್ಬಲರಾದ ಮನೆಗಳ ಹೆಣ್ಣುಮಕ್ಕಳಿಗೆ ವೃತ್ತಿಶಿಕ್ಷಣದಲ್ಲಿ ಬೋಧನ ಶುಲ್ಕ, ಪರೀಕ್ಷಾ ಶುಲ್ಕಗಳೆರಡೂ ಪೂರ್ತಿ ಮಾಫ. ಆದರೆ ಸರಕಾರದ ಕೇಂದ್ರೀಯ ಪ್ರವೇಶದ ಸಾಲಿನಲ್ಲಿ ಬಂದವರಿಗೆ ಮಾತ್ರ. ಮ್ಯಾನೇಜಮೆಂಟ ಸೀಟಿಗೆ ಹೋದವಳಿಗೆ ಇಲ್ಲ. ಅಂದರೆ ಆ ತಂದೆ "ಸೀಟು ಖಾತ್ರಿ" ಎಂಬ ಮಾತಿಗೆ ಮರುಳಾಗಿ ಸಹಿ ಹಾಕಿದ್ದರೆ, ಹಣ ಕೊಡದೆ ಸಿಗಬಹುದಾದ ಓದನ್ನು ತಾನೇ ಬಾಗಿಲು ಹಾಕಿಕೊಂಡು ಹಣ ಕೊಟ್ಟು ಕೊಂಡಂತಾಗುತ್ತಿತ್ತು.

ಎರಡನೆಯದು ಗಡಿನಾಡಿನ ಮಾತು. ಜತ್ತ, ಅಕ್ಕಲಕೋಟ, ದಕ್ಷಿಣ ಸೋಲಾಪುರ, ಗಡಹಿಂಗ್ಲಜ ತಾಲೂಕುಗಳ ಕನ್ನಡ ಮಾತೃಭಾಷೆಯ ಮಕ್ಕಳು ಗಡಿನಾಡ ಕನ್ನಡಿಗರೆಂದು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪ್ರವೇಶ ಪರೀಕ್ಷೆಗೆ ಕೂಡ್ರಬಹುದು. ಅದಕ್ಕೆ ಪ್ರಾಧಿಕಾರದವರೇ ನಡೆಸುವ ಒಂದು ಕನ್ನಡ ಭಾಷೆಯ ಪರೀಕ್ಷೆಯಲ್ಲಿ ಪಾಸಾಗಬೇಕು. ಹೊರನಾಡ ಕನ್ನಡಿಗರಿಗೂ ಹೀಗೆಯೇ ಒಂದು ದಾರಿಯುಂಟು. ಆ ವರ್ಷದ ಮಟ್ಟಿಗೆ ಹೊತ್ತು ಮೀರಿತ್ತು. ಆದರೂ ಮನೆಯಲ್ಲಿ ಇನ್ನೊಬ್ಬ ತಮ್ಮನಿದ್ದಾನೆಂದು ತಂದೆ ಹೇಳಿದ್ದರಿಂದ ಅದನ್ನೂ ತಿಳಿಸಿದಳು. ಪುಣೆಯಲ್ಲಿ ನೆಲೆಸಿದ ಎಷ್ಟು ಕನ್ನಡ ಮನೆಗಳಿಗೆ ಈ ಸಂಗತಿ ಗೊತ್ತಿದೆ? ನಮ್ಮ ಸಂಘಗಳು ರಾಜ್ಯೋತ್ಸವದ ದಿನ ಹೆಚ್ಚು ಅಂಕ ಬಂದ ಮಕ್ಕಳಿಗೆ ಶಾಲು ಹೊದಿಸುತ್ತವೆ, ಫೋಟೋ ತೆಗೆಸುತ್ತವೆ. ಅದೇ ವೇದಿಕೆಯಿಂದ ಈ ಒಂದು ಮಾತನ್ನು ಹೇಳಿದವರನ್ನು ನಾನು ಕಂಡಿಲ್ಲ.

ಅವಳ ಮಾತನ್ನೆಲ್ಲ ಮೇಲಿನವರು ಕೇಳುತ್ತಿದ್ದರು. ಗುಣಮಟ್ಟದ ಪರೀಕ್ಷೆ ಎಂದು ಇಂಥ ಅಂಗಡಿಗಳಲ್ಲಿ ಎಲ್ಲ ಮಾತೂ ಮುದ್ರಿತವಾಗುತ್ತದೆ. ಸಂಜೆ ಕರೆಸಿ ಕೇಳಿದ ಪ್ರಶ್ನೆ ಇಷ್ಟೇ: "ನಿನ್ನ ಪಗಾರ ಕರ್ನಾಟಕ ಸರಕಾರ ಕೊಡುತ್ತದೇನು?"

ಓದುಗ ಬಂಧುಗಳು ಈ ಪ್ರಶ್ನೆಯ ಮುಂದೆ ಸ್ವಲ್ಪ ನಿಲ್ಲಬೇಕು. ಕೇಳಿದವನು ಒರಟನಿರಬಹುದು, ಸುಳ್ಳುಗಾರನಲ್ಲ. ಇಡೀ ಧಂದೆಯ ತತ್ವವನ್ನು ಅವನು ಒಂದು ವಾಕ್ಯದಲ್ಲಿ ಹೇಳಿಬಿಟ್ಟ. ಪಗಾರ ಎಲ್ಲಿಂದ ಬರುವದೋ ಸಲಹೆ ಅತ್ತ ವಾಲುತ್ತದೆ. ಸರಕಾರಿ ಸಾಲಿನ ಸೀಟಿಗೆ ದಲಾಲಿ ಇಲ್ಲ. ಆದುದರಿಂದ ಅದು ಬಾಯಲ್ಲಿ ಬರುವದಿಲ್ಲ. ಶುಲ್ಕ ಮಾಫಿಗೆ ದಲಾಲಿ ಇಲ್ಲ. ಐ.ಟಿ.ಐ.ಗೆ, ಪಾಲಿಟೆಕ್ನಿಕಕ್ಕೆ ದಲಾಲಿ ಅಪರೂಪ. ಕನ್ನಡ ಭಾಷೆಯ ಪರೀಕ್ಷೆಗಂತೂ ಕೇಳುವದೇ ಬೇಡ. "ಒಂದು ವರ್ಷ ನಿಂತು ಮತ್ತೆ ಪರೀಕ್ಷೆ ಬರೆ" ಎಂಬ ಸಲಹೆ ಕೆಲವು ಮಕ್ಕಳಿಗೆ ಅತ್ಯುತ್ತಮ ಸಲಹೆ. ಅದನ್ನು ಕೊಟ್ಟ ಕೌನ್ಸೆಲರಳ ಆ ತಿಂಗಳ ಇನಾಮು ಸೊನ್ನೆ.

ಮಾರ್ಕೆಟ ಯಾರ್ಡಿನಲ್ಲಿ ದುಡಿಯುವವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಅಡತಿ ವ್ಯಾಪಾರಿ ಮಾಲಿನ ಮೇಲೆ ಇಷ್ಟು ಎಂದು ಎಣಿಸಿಕೊಳ್ಳುತ್ತಾನೆ, ಹಮಾಲ ಚೀಲಕ್ಕೆ ಇಷ್ಟು ಎಂದು ಎತ್ತುತ್ತಾನೆ. ಆದರೆ ಆ ಹಮಾಲರಿಗೆ ಪುಣೆಯಲ್ಲಿ ಬಾಬಾ ಆಢಾವರು ಹಮಾಲ ಪಂಚಾಯತ ಕಟ್ಟಿದರು. ಹೋರಾಟಗಳ ಫಲವಾಗಿ 1969ರಲ್ಲಿ ಮಾಥಾಡಿ ಕಾಯದೆ ಬಂತು. ಅದರ ಕೆಳಗೆ ಮಂಡಳಿಗಳಾದವು, ಹಮಾಲನ ಹೆಸರು ದಾಖಲೆಯಾಯಿತು, ಚೀಲಕ್ಕಿಷ್ಟೆಂಬ ಕೂಲಿಯ ಮೇಲೆ ವ್ಯಾಪಾರಿ ಲೆವಿ ತುಂಬಬೇಕಾಯಿತು, ಪ್ರಾವಿಡೆಂಟ ಫಂಡ ಬಂತು. ಅಕ್ಷರ ಬಾರದವರು ಕೂಡಿ ನಿಂತು ಪಡೆದುದನ್ನು ಎಂ.ಎ. ಮಾಡಿದ ಈ ಮಕ್ಕಳು ಇನ್ನೂ ಕೇಳಿಲ್ಲ. ಇನ್ನೊಂದು ಮಾತು: ಜೋಳದ ಚೀಲ ಯಾವ ಗೋದಾಮಿಗೆ ಹೋದರೂ ಜೋಳವೇ. ಹುಡುಗಿಯೊಬ್ಬಳು ಯಾವ ಕಾಲೇಜಿಗೆ ಹೋಗುತ್ತಾಳೆಂಬುದರ ಮೇಲೆ ಅವಳ ನಲವತ್ತು ವರ್ಷ ನಿಂತಿದೆ.

ತಲೆಗಿಷ್ಟು ಎಂಬ ಈ ಪದ್ಧತಿ ಕೆಟ್ಟದ್ದೆಂದು ಧನಿಕ ದೇಶಗಳಿಗೆ ಗೊತ್ತಿಲ್ಲವೆಂದು ತಿಳಿಯಬೇಡಿರಿ. ಅಮೇರಿಕೆಯ ಉಚ್ಚ ಶಿಕ್ಷಣ ಕಾಯದೆಗೆ 1992ರಲ್ಲಿ ಮಾಡಿದ ತಿದ್ದುಪಡಿಯಂತೆ, ಸರಕಾರದ ವಿದ್ಯಾರ್ಥಿ-ಸಹಾಯ ಪಡೆಯುವ ಕಾಲೇಜು ಪ್ರವೇಶ ತಂದವರಿಗೆ ತಲೆಯೆಣಿಸಿ ಕಮಿಶನ್ ಕೊಡುವಂತಿಲ್ಲ. ಏಕೆ? ಕಮಿಶನ್ನಿನ ಆಸೆಗೆ ಬಿದ್ದವರು ತಕ್ಕವರೋ ತಗದವರೋ ನೋಡದೆ ಬಡ ಹುಡುಗರನ್ನು ಸಾಲದಲ್ಲಿ ದಬ್ಬುತ್ತಿದ್ದರೆಂದು. ಒಳ್ಳೆಯ ಕಾಯದೆ. ಆದರೆ ಅದರಲ್ಲಿ ಒಂದು ಸಣ್ಣ ಕಿಂಡಿ ಇಟ್ಟರು: ಪರದೇಶದಿಂದ ಬರುವ, ಆ ಸಹಾಯಕ್ಕೆ ಅರ್ಹರಲ್ಲದ ವಿದ್ಯಾರ್ಥಿಗಳಿಗೆ ಈ ನಿಷೇಧವಿಲ್ಲ. ತಮ್ಮ ಮಕ್ಕಳನ್ನು ದಲಾಲರಿಂದ ಕಾಯ್ದುಕೊಂಡು, ನಮ್ಮ ಮಕ್ಕಳನ್ನು ದಲಾಲರ ಕೈಗೆ ಬಿಟ್ಟರು! ಫರ್ಗ್ಯುಸನ್ ರಸ್ತೆಯ ಪರದೇಶ-ಓದಿನ ಎಷ್ಟೋ ಅಂಗಡಿಗಳ ಬುನಾದಿ ಇಂಥ ಕಿಂಡಿಗಳಲ್ಲಿದೆ. 2023ರಲ್ಲಿ ಕೆನಡಾದಲ್ಲಿ ಭಾರತದ ನೂರಾರು ವಿದ್ಯಾರ್ಥಿಗಳಿಗೆ ದೇಶ ಬಿಡುವ ಪ್ರಸಂಗ ಬಂದದ್ದು ನೆನಪಿದ್ದೀತು. ಜಲಂಧರದ ಒಬ್ಬ ದಲಾಲ ಅವರಿಗೆ ಕೊಟ್ಟ ಕಾಲೇಜಿನ ಪ್ರವೇಶಪತ್ರಗಳೇ ಖೋಟಾ ಆಗಿದ್ದವು. ದಲಾಲನನ್ನು ಹಿಡಿದರು. ದಲಾಲಿ ಹಾಗೆಯೇ ಉಳಿಯಿತು.

ನಮ್ಮ ಕಡೆಯ ಕಾಯದೆಗಳ ಕಣ್ಣು ಬೇರೆ ಕಡೆ ಇದೆ. ಕರ್ನಾಟಕ 1984ರಲ್ಲಿ, ಮಹಾರಾಷ್ಟ್ರ 1987ರಲ್ಲಿ ಕ್ಯಾಪಿಟೇಶನ್ ಫೀ ನಿಷೇಧದ ಕಾಯದೆ ಮಾಡಿದವು. ಪಾಲಕನಿಂದ ಮೇಜಿನ ಕೆಳಗೆ ಬರುವ ದೇಣಿಗೆಯನ್ನು ಅವು ನೋಡುತ್ತವೆ. ಸಂಸ್ಥೆಯಿಂದ ದಲಾಲನಿಗೆ ಮೇಜಿನ ಮೇಲೆಯೇ ಹೋಗುವ ಹಣ ಪ್ರಚಾರದ ಖರ್ಚೆಂದು ಲೆಕ್ಕದಲ್ಲಿ ಕೂಡ್ರುತ್ತದೆ.

ಹಾಗಾದರೆ ದಾರಿ ತೋರಿಸಬೇಕಾದವರು ಯಾರು? ಶಾಲೆ. ಇದು ನನ್ನ ಹೊಸ ಶೋಧವಲ್ಲ. 1952-53ರ ಮುದಲಿಯಾರ ಆಯೋಗ ಪ್ರೌಢಶಾಲೆಗಳಲ್ಲಿ ಮಾರ್ಗದರ್ಶನದ ವ್ಯವಸ್ಥೆ ಬೇಕೆಂದು ಹೇಳಿತು. 1954ರಲ್ಲಿ ದಿಲ್ಲಿಯಲ್ಲಿ ಅದಕ್ಕೆಂದೇ ಕೇಂದ್ರೀಯ ಬ್ಯೂರೋ ಒಂದನ್ನು ತೆರೆದರು. 1964-66ರ ಕೊಠಾರಿ ಆಯೋಗ ದೇಶದ ಬಡತನ ನೋಡಿ ಕೈ ಬಿಗಿಹಿಡಿದು, ಕನಿಷ್ಠ ಹತ್ತು ಶಾಲೆಗಳಿಗೆ ಒಬ್ಬ ಸಂಚಾರಿ ಸಲಹೆಗಾರನಾದರೂ ಇರಲಿ ಎಂದಿತು. ಆ ಆಯೋಗದ ಸದಸ್ಯ-ಕಾರ್ಯದರ್ಶಿ ಜೆ. ಪಿ. ನಾಯಕರು ನಮಗೆ ಪರಕೀಯರಲ್ಲ. ಕೊಲ್ಲಾಪುರ ಸೀಮೆಯಲ್ಲಿ ಹುಟ್ಟಿ, ಧಾರವಾಡದ ಹತ್ತಿರದ ಉಪ್ಪಿನಬೆಟಗೇರಿಯಲ್ಲಿ ಗ್ರಾಮಸೇವೆ ಮಾಡಿದವರು, ಕೊನೆಗೆ ಪುಣೆಯಲ್ಲಿ ನೆಲೆಸಿದವರು. ಅವರು ಬರೆದಿಟ್ಟ ಆ ಹತ್ತಕ್ಕೊಬ್ಬನನ್ನು ನಮ್ಮ ಬಡಾವಣೆಗಳ ಮುನಸಿಪಲ್ ಶಾಲೆಯಲ್ಲಿ ಕಂಡವರಿದ್ದರೆ ಈ ಪತ್ರಿಕೆಗೆ ಬರೆಯಲಿ, ಆ ಮನುಷ್ಯನ ಫೋಟೋ ಅಚ್ಚು ಹಾಕೋಣ. ಮಹಾರಾಷ್ಟ್ರ ಸರಕಾರ 2016ರಲ್ಲಿ ಹತ್ತನೆಯ ಇಯತ್ತೆಯ ಎಲ್ಲ ಮಕ್ಕಳಿಗೆ ಕಲಮಾಪನ ಚಾಚಣಿ ಎಂಬ ಒಲವಿನ ಪರೀಕ್ಷೆ ಆರಂಭಿಸಿತ್ತು. ಕಾಗದ ಬಂತು, "ನಿನ್ನ ಒಲವು ಲಲಿತಕಲೆಯತ್ತ" ಎಂದು ಬರೆದುಕೊಂಡು. ಆ ಕಾಗದ ಹಿಡಿದುಕೊಂಡು ಕೂಡ್ರಿಸಿ ಮಾತಾಡುವ ಮನುಷ್ಯ ಮಾತ್ರ ಬರಲಿಲ್ಲ. ಕಾಗದಕ್ಕೆ ಪಗಾರ ಕೊಡಬೇಕಾಗಿಲ್ಲ ನೋಡಿರಿ.

ಈಗ ಸುಪ್ರೀಮ ಕೋರ್ಟು ನಡುವೆ ಬಂದಿದೆ. ವಿಶಾಖಪಟ್ಟಣದಲ್ಲಿ ನೀಟ ಪರೀಕ್ಷೆಗೆ ಓದುತ್ತಿದ್ದ ಒಬ್ಬ ಹುಡುಗಿ 2023ರಲ್ಲಿ ತೀರಿಕೊಂಡ ಪ್ರಕರಣದಲ್ಲಿ, 2025ರ ಜುಲೈ 25ರಂದು ತೀರ್ಪು ಕೊಟ್ಟು, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣಸಂಸ್ಥೆಯೂ ತರಬೇತಿ ಪಡೆದ ಒಬ್ಬ ಸಲಹೆಗಾರನನ್ನೋ ಮನಃಶಾಸ್ತ್ರಜ್ಞನನ್ನೋ ಸಮಾಜಕಾರ್ಯಕರ್ತನನ್ನೋ ನೇಮಿಸಬೇಕೆಂದು ಅಪ್ಪಣೆ ಮಾಡಿತು. ಕೋಚಿಂಗ ಕ್ಲಾಸುಗಳಿಗೂ ಇದು ಅನ್ವಯ. ಹತ್ತು ಶಾಲೆಗೊಬ್ಬನಿಂದ ನೂರು ಮಕ್ಕಳಿರುವ ಶಾಲೆಗೊಬ್ಬನಿಗೆ ಬಂದೆವು, ಸಂತೋಷ. ಆದರೆ ಆ ಹುದ್ದೆಯ ಪಗಾರವೇನು, ಶ್ರೇಣಿ ಯಾವದು, ವಜಾ ಮಾಡುವವರಾರು ಎಂಬುದು ಆ ಅಪ್ಪಣೆಯೊಳಗಿಲ್ಲ. ಅದು ಕೋರ್ಟಿನ ಕೆಲಸವೂ ಅಲ್ಲ. ಹಾಗಾಗಿ ಏನಾಗುತ್ತಿದೆ? ಚಿತ್ರಕಲೆಯ ಶಿಕ್ಷಕಿಯ ಹೆಸರನ್ನು ಸಲಹೆಗಾರಳೆಂದು ಫಲಕದ ಮೇಲೆ ಬರೆದು ಕೈತೊಳೆದುಕೊಳ್ಳುವ ಶಾಲೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಕೆ ಪಾಪ ನನಗೇ ಕೇಳಿದಳು, "ಸರ, ಇದರಲ್ಲಿ ನಾನು ಏನು ಮಾಡಬೇಕು?"

ಹನ್ನೊಂದನೆಯ ಇಯತ್ತೆಯ ಪ್ರವೇಶವನ್ನೇ ನೋಡಿರಿ. ಪುಣೆ, ಪಿಂಪ್ರಿ-ಚಿಂಚವಡ ಕೂಡಿ ಲಕ್ಷಕ್ಕೂ ಮೀರಿದ ಸೀಟು. 2025ರಿಂದ ಇಡೀ ರಾಜ್ಯಕ್ಕೆ ಒಂದೇ ಆನ್‌ಲೈನ್ ಅರ್ಜಿಯಾಯಿತು. ಹತ್ತರ ವರೆಗೆ ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ಬರೆಯಬೇಕು. ಮೊದಲ ಹೆಸರಿನ ಕಾಲೇಜೇ ಸಿಕ್ಕರೆ ಹೋಗಿ ಸೇರಲೇಬೇಕು. ಸೇರದಿದ್ದರೆ ಮುಂದಿನ ಸುತ್ತುಗಳಿಂದ ಹೊರಗೆ. ಈ ಒಂದು ನಿಯಮ ತಿಳಿಯದೆ, ದೂರದ ಕಾಲೇಜನ್ನು ಮೊದಲು ಬರೆದು, ಬಸ್ಸಿನ ಖರ್ಚಿಗೆ ಹೆದರಿ ಸೇರದೆ ಕೆಟ್ಟ ಮಕ್ಕಳು ನಮ್ಮ ಓಣಿಯಲ್ಲಿಯೇ ಇದ್ದಾರೆ. ಕನ್ನಡದಂಥ ಅಲ್ಪಸಂಖ್ಯಾತ ಭಾಷೆಯವರ ಸಂಸ್ಥೆಗಳಲ್ಲಿ ಆ ಭಾಷೆಯ ಮಕ್ಕಳಿಗೆ ಮೀಸಲು ಸೀಟುಗಳಿರುತ್ತವೆಂಬುದೂ ಎಷ್ಟೋ ಜನರಿಗೆ ಗೊತ್ತಿಲ್ಲ. ಇವನ್ನೆಲ್ಲ ಹೇಳಲು ವಿದ್ವತ್ತು ಬೇಕಾಗಿಲ್ಲ. ಅರ್ಧ ತಾಸು ಎದುರು ಕೂಡ್ರುವ, ಆ ಅರ್ಧ ತಾಸಿಗೆ ಬೇರೆಯವರಿಂದ ಹಣ ಪಡೆಯದ ಒಬ್ಬ ಮನುಷ್ಯ ಬೇಕು. ಈಗ ಅದನ್ನು ಕೆಲ ಶಾಲೆಗಳ ಶಿಕ್ಷಕರು ತಮ್ಮ ರಜೆ ಕಳೆದುಕೊಂಡು ಮಾಡುತ್ತಾರೆ. ಅವರಲ್ಲಿ ಎಷ್ಟೋ ಜನ ಶಿಕ್ಷಣಸೇವಕರು. 2000ದಲ್ಲಿ ತಂದ ಈ ಯೋಜನೆಯಂತೆ ಮೊದಲ ಮೂರು ವರ್ಷ ಪಗಾರವಿಲ್ಲ, ಮಾನಧನ. ಪ್ರಾಥಮಿಕಕ್ಕೆ 6,000, ಮಾಧ್ಯಮಿಕಕ್ಕೆ 8,000, ಉಚ್ಚ ಮಾಧ್ಯಮಿಕಕ್ಕೆ 9,000 ರೂಪಾಯಿ ಎಂದು ವರ್ಷಗಟ್ಟಲೆ ನಡೆದು, 2023ರ ಜನವರಿಯಿಂದ 16,000, 18,000, 20,000 ಆಯಿತು. ತಿಂಗಳಿಗೆ! ಪದವಿ, ಬಿ.ಎಡ್., ಅರ್ಹತಾ ಪರೀಕ್ಷೆಗಳನ್ನೆಲ್ಲ ದಾಟಿ ಬಂದವರಿಗೆ. ಮಾನವಿದೆ, ಧನ ಎಲ್ಲಿದೆಯೆಂದು ಕೇಳಬೇಡಿರಿ.

ಪಗಾರದ ಮಾತು ತೆಗೆದೊಡನೆ ಪುಣೆಯಲ್ಲಿ ಒಂದು ಉಪದೇಶ ಸಿದ್ಧವಾಗಿರುತ್ತದೆ: "ಇದು ಸೇವೆಯ ಕ್ಷೇತ್ರ. ಗೋಖಲೆಯವರನ್ನು ನೋಡಿರಿ, 75 ರೂಪಾಯಿ ಪಗಾರದ ಮೇಲೆ ಇಪ್ಪತ್ತು ವರ್ಷ ಫರ್ಗ್ಯುಸನ್ ಕಾಲೇಜಿನಲ್ಲಿ ಕಲಿಸಿದರು." ಗೋಪಾಳಕೃಷ್ಣ ಗೋಖಲೆಯವರಿಗೆ ನನ್ನ ನಮಸ್ಕಾರವಿದೆ. ನಮ್ಮ ಬೇಂದ್ರೆಯವರು 1918ರಲ್ಲಿ ಬಿ.ಎ. ಆದದ್ದು ಆ ಕಾಲೇಜಿನಿಂದಲೇ. ಆ ತ್ಯಾಗದ ಫಲವನ್ನು ಕನ್ನಡವೂ ಉಂಡಿದೆ. ಆದರೆ ಕಥೆಯನ್ನು ಪೂರ್ತಿ ಹೇಳಬೇಕು. 1884ರಲ್ಲಿ ಕಟ್ಟಿದ ಡೆಕ್ಕನ್ ಎಜುಕೇಶನ್ ಸೊಸಾಯಿಟಿಯಲ್ಲಿ ಕಡಿಮೆ ಪಗಾರ ತೆಗೆದುಕೊಂಡ ಆಜೀವ ಸದಸ್ಯರೇ ಸಂಸ್ಥೆಯನ್ನು ನಡೆಸುವವರೂ ಆಗಿದ್ದರು. ತಮ್ಮ ಪಗಾರವನ್ನು ತಾವೇ ಕೂತು ಗೊತ್ತುಮಾಡಿದರು. ಆದರೂ ಪಗಾರ ಮತ್ತು ಹೊರಗಿನ ಗಳಿಕೆಯ ಪ್ರಶ್ನೆಯ ಮೇಲೆ ಅವರೊಳಗೇ ಜಗಳಗಳಾದವು. ಲೋಕಮಾನ್ಯ ಟಿಳಕರು 1890ರಲ್ಲಿ ರಾಜೀನಾಮೆ ಕೊಟ್ಟು ಹೊರಬಿದ್ದದ್ದರ ಹಿಂದೆ ಈ ಪ್ರಶ್ನೆಯೂ ಇತ್ತು. ಟಿಳಕ-ಗೋಖಲೆಯವರಂಥವರಿಗೇ ಪಗಾರದ ಮಾತು ಆಡುವದು ಕೀಳೆನಿಸಲಿಲ್ಲ. ಈ ಹೊತ್ತು ಗೋಖಲೆಯವರ ಹೆಸರು ಹೇಳುವ ಟ್ರಸ್ಟಿ ಸಾಹೇಬರು ತಾವು 75 ರೂಪಾಯಿಯ ಲೆಕ್ಕಕ್ಕೆ ಇಳಿಯುವದಿಲ್ಲ. ತ್ಯಾಗವನ್ನು ಇನ್ನೊಬ್ಬರಿಂದ ಮಾಡಿಸುವದಕ್ಕೆ ಬೇರೆ ಹೆಸರಿದೆ. ನಮ್ಮ ಕನ್ನಡ ಸಂಸ್ಥೆಗಳ ಕಾರ್ಯಕಾರಿ ಮಂಡಳಿಗಳೂ ಈ ಮಾತನ್ನು ತಮಗಲ್ಲವೆಂದು ಪಕ್ಕಕ್ಕಿಡಬಾರದು.

ಇನ್ನು ಕಾಯದೆಯ ಸಂಗತಿ. ಇದು ಸ್ವಲ್ಪ ಒಣ ವಿಷಯ, ಆದರೆ ಈ ಕೆಲಸದಲ್ಲಿರುವ ನಮ್ಮ ಮಕ್ಕಳು ಓದಲೇಬೇಕು. ಶಿಕ್ಷಕ 'ಕಾಮಗಾರ'ನಲ್ಲವೆಂದು ಸುಪ್ರೀಮ ಕೋರ್ಟು 1988ರಲ್ಲಿ ಗೋವೆಯ ಒಬ್ಬ ಶಿಕ್ಷಕಿ ಸುಂದರಾಂಬಾಳರ ಪ್ರಕರಣದಲ್ಲಿ ಹೇಳಿತು. ಔಷಧ ಮಾರುವ ಪ್ರತಿನಿಧಿಗಳು ಔದ್ಯೋಗಿಕ ಕಲಹ ಕಾಯದೆಯ ಕಾಮಗಾರರಲ್ಲವೆಂದು 1994ರಲ್ಲಿ ಎಚ್. ಆರ್. ಅಡ್ಯಂತಾಯ ವಿರುದ್ಧ ಸ್ಯಾಂಡೋಜ ಪ್ರಕರಣದಲ್ಲಿ ಹೇಳಿತು. ಪ್ರವೇಶ ತರುವ ಕೌನ್ಸೆಲರ್ ಈ ಎರಡರ ನಡುವಿನ ಸಂದಿಯಲ್ಲಿ ಸಿಕ್ಕಿದ್ದಾಳೆ, ಅಡಕತ್ತಿನಲ್ಲಿ ಸಿಕ್ಕ ಅಡಕೆಯಂತೆ. ಲೇಬರ ಆಫೀಸಿಗೆ ಹೋದರೆ ಧಣಿಯ ವಕೀಲ "ಇವಳು ಶಿಕ್ಷಣತಜ್ಞೆ" ಎನ್ನುತ್ತಾನೆ. ಗುರಿ ಮುಟ್ಟದ ತಿಂಗಳು ಅದೇ ಧಣಿ "ನೀನು ಸೇಲ್ಸಿನವಳು" ಎನ್ನುತ್ತಾನೆ.

2025ರ ನವೆಂಬರ 21ರಿಂದ ಜಾರಿಗೆ ಬಂದ ಹೊಸ ಔದ್ಯೋಗಿಕ ಸಂಬಂಧಗಳ ಸಂಹಿತೆಯಲ್ಲಿ ವಿಕ್ರಿ-ಪ್ರಚಾರದ ನೌಕರರನ್ನು 'ಕಾಮಗಾರ' ಎಂಬ ವ್ಯಾಖ್ಯೆಯೊಳಗೆ ಸೇರಿಸಿದ್ದಾರೆ. ಈ ಸಂಹಿತೆಗಳ ಬಗ್ಗೆ ನಮ್ಮ ಪತ್ರಿಕೆಯ ಅಭಿಪ್ರಾಯ ಓದುಗರಿಗೆ ಗೊತ್ತು, ಅದನ್ನಿಲ್ಲಿ ತೆಗೆಯುವದಿಲ್ಲ. ಕೈಗೆ ಬಂದ ಒಂದು ಕೋಲನ್ನಾದರೂ ಹಿಡಿದುಕೊಳ್ಳೋಣ. ಆದರೆ ಎರಡು ಕಡೆ ಎಚ್ಚರ ಬೇಕು. ಧರ್ಮಾರ್ಥ, ಸಾಮಾಜಿಕ ಸೇವೆಯ ಸಂಸ್ಥೆಗಳು ನಡೆಸುವದು 'ಉದ್ಯಮ'ವೇ ಅಲ್ಲವೆಂದು ಅದೇ ಸಂಹಿತೆ ಬಾಗಿಲು ತೆರೆದಿಟ್ಟಿದೆ. ಕಾಲೇಜಿನ ಟ್ರಸ್ಟುಗಳು ಆ ಬಾಗಿಲಿನಿಂದ ಜಾರಿಕೊಳ್ಳಲು ನೋಡುತ್ತವೆ. ಮತ್ತೆ, ಮೇಲ್ವಿಚಾರಕನಾಗಿ ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ಪಡೆಯುವವನು ಕಾಮಗಾರನಲ್ಲ. ಆದುದರಿಂದ ಪಗಾರವನ್ನು ನೂರಿನ್ನೂರು ಏರಿಸಿ 'ಟೀಮ ಲೀಡರ' ಎಂಬ ಹುದ್ದೆ ಕೊಟ್ಟಾಗ ಹಿಗ್ಗುವ ಮೊದಲು ಕೆಲಸ ಬದಲಾಯಿತೋ ಹೆಸರು ಮಾತ್ರವೋ ನೋಡಿರಿ. ಅದೇ ದಿನ ಜಾರಿಗೆ ಬಂದ ವೇತನ ಸಂಹಿತೆ ಇದಕ್ಕಿಂತ ಅಗಲವಾದದ್ದು, ಹುದ್ದೆಯ ಹೆಸರು ಏನಿದ್ದರೂ ನೌಕರನಿಗೆ ತಗಲುತ್ತದೆ: ಕೆಲಸ ಬಿಟ್ಟವರ, ಬಿಡಿಸಿದವರ ಬಾಕಿ ಪಗಾರವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. "ಮುಂದಿನ ಸೀಜನ್ನಿಗೆ ಬಾ, ಆಗ ಲೆಕ್ಕ ಮಾಡೋಣ" ಎಂಬ ಮಾತು ಇನ್ನು ನಡೆಯುವದಿಲ್ಲ. ನಡೆಸಿದರೆ ಬರಹದಲ್ಲಿ ಕೇಳಿರಿ.

ಈ ಧಂದೆಯ ದೊಡ್ಡ ಮನೆಗಳೇ ಹೇಗೆ ಬಿದ್ದವೆಂಬುದು ಮರೆಯತಕ್ಕದ್ದಲ್ಲ. ಬೆಂಗಳೂರಿನ ಬೈಜೂಸ ಕಂಪನಿ ಮನೆಮನೆಗೆ ಫೋನ ಮಾಡಿ ಪಾಠ ಮಾರಿ ಬೆಳೆಯಿತು. 2022ರ ಅಕ್ಟೋಬರದಲ್ಲಿ 2,500 ಜನರನ್ನು ತೆಗೆಯುವೆವೆಂದು ಸಾರಿತು. ಅದೇ ಡಿಸೆಂಬರದಲ್ಲಿ, ಪಾಲಕರಿಗೆ ಪಾಠ ಮಾರುವ ರೀತಿಯ ಬಗ್ಗೆ ಬಂದ ದೂರುಗಳ ಮೇಲೆ ರಾಷ್ಟ್ರೀಯ ಮಕ್ಕಳ ಹಕ್ಕುಗಳ ಆಯೋಗ ಅದರ ಮುಖ್ಯಸ್ಥರನ್ನು ಕರೆಸಿತು. 2024ರ ಜುಲೈದಲ್ಲಿ ದಿವಾಳಿ ಪ್ರಕ್ರಿಯೆ ಸುರುವಾಯಿತು. ಫೋನ ಹಿಡಿದ ಹುಡುಗ ಹುಡುಗಿಯರಿಗೆ ಪಾಲಕರ ಬೈಗುಳವೂ ಬಂತು, ಮನೆಗೆ ಹೋಗುವ ಕಾಗದವೂ ಬಂತು. ಧಣಿ ಕೊಟ್ಟ ಬರಹವನ್ನು ಓದಿದ್ದಷ್ಟೇ ಅವರ ಪಾಲು. ಆ ಹುಡುಗರ ಮೇಲೆ ಸಿಟ್ಟು ಮಾಡುವ ಪಾಲಕರು, ಪಾಲಕರನ್ನು 'ಗಿರಾಕಿ' ಎಂದು ಕರೆಯುವ ಹುಡುಗರು, ಇಬ್ಬರೂ ಒಂದೇ ಓಣಿಯವರು.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಸಲಹೆಗಾರನ ಹುದ್ದೆ ಶಾಲೆಯಲ್ಲಿರಲಿ, ಶಿಕ್ಷಕನ ಶ್ರೇಣಿಯಲ್ಲಿರಲಿ, ಪಗಾರ ತಿಂಗಳದ ಕೊನೆಗೆ ಬರಲಿ, ಯಾವ ಮಗು ಎಲ್ಲಿ ಸೇರಿತೆಂಬುದರ ಮೇಲೆ ಒಂದು ಪೈಸೆಯೂ ಏರಿಳಿಯದಿರಲಿ. ಖಾಸಗಿ ಅಂಗಡಿ ಬೇಕಾದವರು ಇಟ್ಟುಕೊಳ್ಳಲಿ. ಆದರೆ ಯಾವ ಕಾಲೇಜಿನಿಂದ ಎಷ್ಟು ದಲಾಲಿ ಬರುತ್ತದೆಂಬುದನ್ನು 'ಉಚಿತ' ಎಂಬ ಫಲಕದ ಕೆಳಗೇ ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೆಯುವಂತೆ ಕಾಯದೆಯಾಗಲಿ. ಕಮಿಶನ್ ನಿಂತರೆ ಕೆಲಸಗಳು ಹೋಗುವವೆಂದು ಕೆಲವರು ಹೆದರಿಸುತ್ತಾರೆ. ನೂರು ಮಕ್ಕಳಿರುವ ಪ್ರತಿ ಶಾಲೆಯಲ್ಲಿ ಒಂದು ಹುದ್ದೆ ಎಂದು ಕೋರ್ಟು ಹೇಳಿದೆ. ಪುಣೆಯೊಂದರಲ್ಲಿ ಅಂಥ ಶಾಲೆ ಎಷ್ಟೆಂದು ಎಣಿಸಿ ನೋಡಿರಿ. ಫಲಕದ ಅಂಗಡಿಗಳಲ್ಲಿ ಅಷ್ಟು ಕುರ್ಚಿ ಇಲ್ಲ.

ನಮ್ಮ ಹುಡುಗಿಯನ್ನು ಅಕ್ಟೋಬರದ ಮೊದಲ ವಾರ ಕಳಿಸಿಬಿಟ್ಟರು. ಕೊನೆಯ ತಿಂಗಳ ಪಗಾರ ಬರಲಿಲ್ಲ. ತಂದೆಯೊಡನೆ ಸಂಘದ ಕಚೇರಿಗೆ ಬಂದು, ಎದೆಯ ಮೇಲೆ ಹಾಕಿಕೊಳ್ಳುತ್ತಿದ್ದ ಚೀಟಿಯನ್ನೂ ನೇಮಕದ ಪತ್ರವನ್ನೂ ಮೇಜಿನ ಮೇಲಿಟ್ಟಳು. ಚೀಟಿಯಲ್ಲಿ 'ಸೀನಿಯರ್ ಕರಿಯರ್ ಕೌನ್ಸೆಲರ್' ಎಂದಿತ್ತು. ಪತ್ರವನ್ನು ಮೂವತ್ತು ವರ್ಷ ಪಗಾರಚೀಟಿ ಓದಿ ರೂಢಿಯಾದ ತಂದೆಯೇ ಬೆರಳಿಟ್ಟು ಓದಿ ತೋರಿಸಿದರು: ಎರಡನೆಯ ಪುಟದಲ್ಲಿ, ಹುದ್ದೆ ಎಂಬಲ್ಲಿ, 'ಸೇಲ್ಸ ಅಸೋಸಿಯೇಟ'.

ಆ ಎರಡನ್ನೂ ಜೊತೆಗಿಟ್ಟು ಅರ್ಜಿ ಬರೆದಿದ್ದೇವೆ. ಇಂಥ ಎರಡು ಕಾಗದ ಯಾರ ಹತ್ತಿರವಿದ್ದರೂ ತೆಗೆದುಕೊಂಡು ಬರಲಿ. ಮೂಲಪ್ರತಿ ಕೊಡಬೇಡಿರಿ, ನಕಲು ಸಾಕು.